ಮೂರು ಕಾಪಿಯ ಮಾಮ

ಬಿಲ್ಲು ಕಳೆದುಹೋಗಬಹುದು. ಬಿಲ್ಲಿದ್ದರೂ ಕಸ್ಟಮ್ಸಿನವರು ನಂಬದಿರಬಹುದು. ನಾನು ದುಬೈಯಿಂದ ತರಲಿರುವ ಓದುವ ಯಂತ್ರವನ್ನು ಸಣ್ಣ ಟೀವಿ ಎಂದುಕೊಂಡು ಸುಂಕ ಹಾಕಬಹುದು. ಪಾಸು ಜೇಬಿನಲ್ಲಿದ್ದರೂ ಡೊಂಬಿವಲಿ ಸ್ಟೇಷನ್ನಿನಲ್ಲಿ ಟೀಸಿಯನ್ನು ಕಂಡರೆ ಕಂಬದ ಹಿಂದೆ ಸರಿಯುವವನು ನಾನು. ನನ್ನ ಮುಖ ನೋಡಿಯೇ ಬ್ಯಾಗು ಬಿಚ್ಚಿಸಬಹುದು. ದುಬೈಯ ಅಕ್ಕ ನನಗೆ ಹೇಳದೆ ಅದರಲ್ಲಿ ಇನ್ನೇನಾದರೂ ತುರುಕಿರಬಹುದು.

ನಾನು ಇಷ್ಟನ್ನೂ ಹೇಳಿ ಮುಗಿಸುವವರೆಗೆ ನಮ್ಮ ಸೊಸೈಟಿಯ ಸೆಕ್ರೆಟರಿ ಮಾಮ ಬಲಗೈ ಹೆಬ್ಬೆರಳನ್ನು ಉಜ್ಜಿಕೊಳ್ಳುತ್ತ ಕೂತಿದ್ದರು. ಆ ಬೆರಳು ಸದಾ ನೇರಳೆ. ಬಂದರಿನಿಂದ ಸರಕು ಬಿಡಿಸಿಕೊಡುವ ವಾಶಿಯ ಏಜೆಂಟರೊಬ್ಬರ ಆಫೀಸಿನಲ್ಲಿ ಮೂವತ್ತು ವರ್ಷ ಕಾಗದಗಳಿಗೆ ಮೊಹರು ಒತ್ತಿದವರು. ನಿವೃತ್ತರಾದ ಮೇಲೆ ಡೊಂಬಿವಲಿಯ ಕಾರ್ಖಾನೆಗಳ ವಸಾಹತು ಎಂಐಡಿಸಿಯಲ್ಲಿರುವ ನಮ್ಮ ಬಿಲ್ಡಿಂಗಿಗೆ ಬಂದು, ನೀರಿನ ಟಾಂಕಿ ತೊಳೆಯುವ ನೋಟಿಸಿಗೂ ಮೂರು ಕಾಪಿ ಮಾಡಿ ಮೊಹರು ಹಾಕುತ್ತಿದ್ದರು.

“ಡಿಕ್ಲೇರ್ ಮಾಡು, ನಿದ್ದೆ ಮಾಡು” ಎನ್ನುವುದು ಅವರ ಜೀವನಸೂತ್ರ. ಮಗಳನ್ನು ನೋಡಲು ಬಂದವರಿಗೆ ಉಪ್ಪಿಟ್ಟು ಕೊಡುವ ಮೊದಲೇ, ಹುಡುಗಿ ಗೊರಕೆ ಹೊಡೆಯುತ್ತಾಳೆ ಎಂದು ತಿಳಿಸಿಬಿಟ್ಟಿದ್ದರಂತೆ. ಮದುವೆಯಾಯಿತು. ಅಳಿಯನೂ ಗೊರಕೆಯವನೇ, ಅವನ ಕಡೆಯವರು ಮಾತ್ರ ಡಿಕ್ಲೇರ್ ಮಾಡಿರಲಿಲ್ಲ.

ಆದರೆ ಮಾಮ ಸ್ವತಃ ಒಂದನ್ನು ಮುಚ್ಚಿಟ್ಟಿದ್ದರು. ಕಣ್ಣಿನ ನರ ಸೋತು, ಯಾವ ಕನ್ನಡಕಕ್ಕೂ ಅಕ್ಷರ ದಕ್ಕುತ್ತಿರಲಿಲ್ಲ. ಮೀಟಿಂಗಿನ ನಡಾವಳಿಯನ್ನು ನನ್ನಿಂದ ಓದಿಸಿ, ಬಾಯಿಪಾಠ ಮಾಡಿ, ಎಲ್ಲರೆದುರು ಓದಿದಂತೆ ನಟಿಸುತ್ತಿದ್ದರು. ಒಮ್ಮೆ ಕಾಗದ ತಲೆಕೆಳಗಾಗಿತ್ತು. ಇನ್ನು ಸಾಕು, ಮುಂದಿನ ಸಭೆಯಲ್ಲಿ ಸೆಕ್ರೆಟರಿ ಕೆಲಸ ಬಿಟ್ಟುಬಿಡುತ್ತೇನೆ ಎಂದಾಗ ಅವರ ದನಿ ಸಣ್ಣದಾಗಿತ್ತು. ಅಕ್ಷರವನ್ನು ಇಡ್ಲಿಯಷ್ಟು ದೊಡ್ಡದಾಗಿ ತೋರಿಸುವ ಅಂಗೈಯಗಲದ ಯಂತ್ರವನ್ನು ಅಕ್ಕ ಕೊಂಡಿಟ್ಟದ್ದು, ನಾನು ತರಲು ಹೊರಟದ್ದು ಅದಕ್ಕೇ.

“ಕದ್ದುಮುಚ್ಚಿ ತಂದದ್ದರಲ್ಲಿ ನಾನು ಓದುವುದಿಲ್ಲ ಮಾರಾಯ. ತೋರಿಸಿಯೇ ತರಬೇಕು. ಏರ್‌ಪೋರ್ಟಿನಲ್ಲಿ ಸಾಮಾನು ಡಿಕ್ಲೇರ್ ಮಾಡುವವರ ಕೆಂಪು ಬೋರ್ಡಿನ ಕಡೆಯಿಂದ ಬಾ” ಎಂದರು ಮಾಮ.

ಕಸ್ಟಮ್ಸ್ ಆಫೀಸರರಿಗೆ ಕೊಡಲು ನನ್ನ ಹೆಸರಿನಲ್ಲಿ ಒಂದು ಪತ್ರ ಹೇಳಿ ಬರೆಸಿದರು. ಮೂರು ಕಾಪಿ. ಆಮೇಲೆ ಊಟದ ಮೇಜಿನಾಚೆ ತಾವೇ ಆಫೀಸರರಾಗಿ ಕೂತು ಹಿಂದಿಯಲ್ಲಿ ಜಬರಿಸಿದರು. ಆ ಜೋರಿಗೆ ನಾನು ಎರಡು ಲ್ಯಾಪ್‌ಟಾಪ್ ತಂದಿರುವುದಾಗಿಯೂ ಒಪ್ಪಿಕೊಂಡೆ.

ಮುಂಬಯಿಯಲ್ಲಿ ಇಳಿದು ಕೆಂಪು ಬೋರ್ಡಿನ ಕೆಳಗೆ ನಿಂತವನು ನಾನೊಬ್ಬನೇ. ಆಫೀಸರರು ಯಂತ್ರವನ್ನು ನೋಡಿದರು, ನನ್ನ ಬೆವರನ್ನು ನೋಡಿದರು. “ಕಾಕಾ, ಆಧೀ ಪಾಣೀ ಪ್ಯಾ” ಎಂದರು. ಮೊದಲು ನೀರು ಕುಡಿಯಬೇಕಂತೆ. ಇದಕ್ಕೆ ಸುಂಕ ಏನೂ ಬೀಳುವುದಿಲ್ಲವಂತೆ. ನಾನು ಬಿಡದೆ ಕೊಟ್ಟ ಪತ್ರದ ಒಂದು ಕಾಪಿಯನ್ನು ಓದದೆಯೇ ಡ್ರಾಯರಿಗೆ ಹಾಕಿಕೊಂಡರು.

ಮಾಮ ಆ ಯಂತ್ರ ಹಿಡಿದು ಇನ್ನೂ ನಾಲ್ಕು ವರ್ಷ ನಡಾವಳಿ ಓದಿದರು, ಕಾಗದ ನೆಟ್ಟಗೆ ಹಿಡಿದು. ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ನಾನೀಗ ಸೆಕ್ರೆಟರಿ, ಟಾಂಕಿಯ ನೋಟಿಸು ಈಗಲೂ ಮೂರು ಕಾಪಿ.

ಯಂತ್ರ ತಂದ ಸಂಜೆ ಅವರು ಮೊದಲು ಓದಿದ್ದು ಪೇಪರನ್ನಲ್ಲ, ನನ್ನ ಪತ್ರದ ಕಾಪಿಯನ್ನು. ಸಾಲು ಸಾಲಾಗಿ ಯಂತ್ರ ಸರಿಸುತ್ತ, ತುಟಿ ಅಲುಗಿಸುತ್ತ ಕೊನೆಗೆ ಬಂದರು. ಕಣ್ಣು ಒದ್ದೆಯಾಗಿತ್ತು. ಅಲ್ಲೇ ನಿಂತರು.

“ಎಲ್ಲ ಸರಿ ಉಂಟು. ನಿನ್ನ ಸಹಿ ಎಲ್ಲಿ?”

ಇನ್ನೊಂದು ಕಾಪಿಯಲ್ಲೂ ಇರಲಿಲ್ಲ. ಮಾಮ ಪೆನ್ನು ಕೊಟ್ಟರು, ಎರಡಕ್ಕೂ ಹಾಕಿದೆ. ಮೂರನೆಯದು ಇನ್ನೂ ಆಫೀಸರರ ಡ್ರಾಯರಿನಲ್ಲಿ ಉಂಟು.