ಕಾಕಾ ಸಾಯಗೊಡದ ತೋಳ

ಮೊನ್ನೆ ಮುಧೋಳದಿಂದ ಬರುವಾಗ ರಸ್ತೆ ಬದಿಯ ಹೊಲದಲ್ಲಿ ಗುಂಯ್ ಎನ್ನುವ ಸದ್ದು ಕೇಳಿ ಗಾಡಿ ನಿಲ್ಲಿಸಿದೆ. ಎರಡೂ ಕಡೆ ಕಬ್ಬು, ನಡುವೆ ಒಂದು ತುಂಡು ಜೋಳ. ತೆನೆಗೆ ಹಕ್ಕಿ ಬೀಳಬಾರದೆಂದು ಗೂಟದಿಂದ ಗೂಟಕ್ಕೆ ಹಳೆಯ ವಿಡಿಯೋ ಕ್ಯಾಸೆಟ್ಟಿನ ಕರಿ ಟೇಪು ಎಳೆದು ಕಟ್ಟಿದ್ದರು. ಗಾಳಿಗೆ ಅದು ಹೊರಳಿ ಹೊರಳಿ ಮಿಂಚುತ್ತಿತ್ತು.

"ಎಲ್ಲಿಂದ ತಂದ್ರಿ ಇದನ್ನ?" ಎಂದೆ.

"ಬೀಳಗಿ ಗುಜರಿ ಅಂಗಡ್ಯಾಗ ಸಿಕ್ತ್ರಿ," ಎಂದು ಹೊಲದವರು ನಕ್ಕರು. "ಇದರಾಗ ಯಾವ ಪಿಚ್ಚರ್ ಐತೋ ಏನೋ! ಹಕ್ಕಿ ಮಾತ್ರ ಅಂಜ್ತಾವ ನೋಡ್ರಿ."

ಬೀಳಗಿ ಎಂದ ಕೂಡಲೇ, ನಮ್ಮ ಬನಹಟ್ಟಿಯಲ್ಲಿ ಪಿಚ್ಚರ್ ತೋರಿಸುತ್ತಿದ್ದ ವಿಡಿಯೋ ಕಾಕಾ ನೆನಪಾದರು. ಅವರು ಕೊನೆಗೆ ಇದ್ದದ್ದು ಬೀಳಗಿಯಲ್ಲಿ, ಮಗಳ ಮನೆಯಲ್ಲಿ…

ನಾನು ಏಳನೆಯ ತರಗತಿಗೇ ಸಾಲೆ ಬಿಟ್ಟು ಮಗ್ಗಕ್ಕೆ ನಿಂತವನು. ಇಪ್ಪತ್ತೆರಡರ ವಯಸ್ಸಿಗೆ ಬನಹಟ್ಟಿಯಲ್ಲಿ ನನ್ನಷ್ಟು ಚೊಕ್ಕ ಸೀರೆ ಇಳಿಸುವವರು ಕಡಿಮೆ ಇದ್ದರು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ಖರೆ ಇದ್ದದ್ದು. ನಮಗೆ ಸೂಟಿ ಎಂದರೆ ಅಮಾವಾಸ್ಯೆ. ಅಂದು ಊರಿನ ಮಗ್ಗಗಳೆಲ್ಲ ನಿಲ್ಲುತ್ತಿದ್ದವು. ಖಟಪಟ ಇಲ್ಲದ ಓಣಿಯಲ್ಲಿ ನಮ್ಮ ಕಿವಿಗೇ ಏನೋ ಕಳಕೊಂಡಂತೆ ಆಗುತ್ತಿತ್ತು. ಎಣ್ಣೆ ನೀರು ಹಾಕಿಕೊಂಡು, ಊಟ ಮುಗಿಸಿ, ಮಧ್ಯಾಹ್ನ ಕಾಕಾನ ತಗಡಿನ ಶೆಡ್ಡಿಗೆ ಹೋಗಿ ಕೂರುತ್ತಿದ್ದೆವು. ಒಂದು ಟಿವಿ, ಒಂದು ವಿಡಿಯೋ ಪ್ಲೇಯರ್, ಕಿಟಕಿಗೆ ಗೋಣಿ ಚೀಲ.

ಮಿರಜದಿಂದ ಯಾರೋ ತಂದುಕೊಟ್ಟ ಕ್ಯಾಸೆಟ್ಟುಗಳು ಅವರ ಹತ್ತಿರ ಇದ್ದವು. ಸ್ಪೇನಿನವೋ ಇಟಲಿಯವೋ, ಯಾರಿಗೂ ತಿಳಿಯದ ಭಾಷೆ. ಎಲ್ಲದರಲ್ಲೂ ಒಬ್ಬ ಮನುಷ್ಯನಿಗೆ ತೋಳ ಕಚ್ಚುತ್ತದೆ, ಹುಣ್ಣಿಮೆ ಬಂದಾಗಲೆಲ್ಲ ಅವನು ತೋಳವಾಗುತ್ತಾನೆ. ಹುಣ್ಣಿಮೆಯ ತೋಳವನ್ನು ನಾವು ಅಮಾವಾಸ್ಯೆಯ ಹಗಲಲ್ಲಿ ನೋಡುತ್ತಿದ್ದೆವು.

ಬಡ ಸಿನಿಮಾಗಳು ಅವು. ಮೂರು ಪಿಚ್ಚರಿಗೂ ಅದೇ ಕೋಟೆಯಂಥ ಕಲ್ಲಿನ ವಾಡೆ. ಅಡವಿಯಲ್ಲಿ ಓಡುವವನು ಅದೇ ಗಿಡವನ್ನು ನಾಲ್ಕು ಸಲ ದಾಟುತ್ತಿದ್ದ. ಒಂದರಲ್ಲಂತೂ ತೋಳದ ಕೈಯಲ್ಲಿ ಗಡಿಯಾರ ಉಳಿದುಬಿಟ್ಟಿತ್ತು. ಮುಖದ ಕೂದಲನ್ನು ನೇಕಾರರ ಕಣ್ಣಿಗೆ ಮರೆಸಲು ಆಗುತ್ತದೆಯೇ? "ಲೇ, ಅದು ನೂಲಲೇ! ಗಂಟು ಸೈತ ಕಾಣಾಕತ್ತೈತಿ," ಎಂದು ಒಬ್ಬ ಕೂಗಿದರೆ, "ನಿನ್ನ ಸೀರಿಯೊಳಗಿನ ಗಂಟಿಗಿಂತ ಸಣ್ಣದೈತಿ, ಸುಮ್ಕ ಕುಂಡ್ರು," ಎಂದು ಇನ್ನೊಬ್ಬ.

ಆದರೂ ಅಂಜುತ್ತಿದ್ದೆವು. ಯಾಕೆ ಎಂದು ಬಹಳ ದಿನ ಯೋಚಿಸಿದ್ದೇನೆ. ರೊಕ್ಕ ಇದ್ದವರು ಮಾಡಿದ ತೋಳ ಪೂರಾ ತೋಳವಾಗಿರುತ್ತದೆ, ಅದನ್ನು ಕೊಂದರೆ ಚಪ್ಪಾಳೆ ತಟ್ಟಬಹುದು. ಈ ಬಡ ಸಿನಿಮಾದವರಿಗೆ ವೇಷಧಾರಿಯ ಕಣ್ಣು ಮರೆಸುವಷ್ಟು ಸಾಮಾನು ಇರಲಿಲ್ಲ. ಆ ನೂಲಿನ ಕೂದಲ ನಡುವೆ ಒಬ್ಬ ಮನುಷ್ಯನ ಕಣ್ಣು ಹಾಗೇ ಉಳಿಯುತ್ತಿತ್ತು. ನಮಗೆ ಅಂಜಿಕೆ ತೋಳದ್ದಲ್ಲ, ಆ ಕಣ್ಣಿನದು.

ಭಾಷೆ ತಿಳಿಯದ ಕಾರಣ ಕಾಕಾ ಟಿವಿ ಪಕ್ಕದಲ್ಲಿ ನಿಂತು ಎಲ್ಲರ ಮಾತನ್ನೂ ತಾವೇ ಕನ್ನಡದಲ್ಲಿ ಆಡುತ್ತಿದ್ದರು. ವಾಡೆಯ ಒಡತಿ ನಮ್ಮ ಓಣಿಯ ಹೆಂಗಸಿನಂತೆ, "ಅಯ್ಯ, ಮೈಯಾಗ ಆರಾಮ ಇಲ್ಲೇನ್ರಿ?" ಎಂದು ಕೇಳುತ್ತಿದ್ದಳು. ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಹುಣ್ಣಿಮೆ ಹತ್ತಿರ ಬಂದಾಗ ಮಾತ್ರ ಅವರ ದನಿ ಇಳಿಯುತ್ತಿತ್ತು. "ನನ್ನ ಕಟ್ಟಿಹಾಕ್ರಿ… ನಾ ಯಾರಿಗರ ಕಚ್ಚಿಗಿಚ್ಚೇನಿ, ಕಟ್ಟಿಹಾಕ್ರಿ." ಪ್ರತಿ ಪಿಚ್ಚರಿನಲ್ಲೂ ಇದೇ ಮಾತು.

ಪಿಚ್ಚರ್ ಮುಗಿಯಲು ಹತ್ತು ನಿಮಿಷ ಇರುವಾಗ ಕಾಕಾ ಬಟನ್ ಒತ್ತಿ ನಿಲ್ಲಿಸಿಬಿಡುತ್ತಿದ್ದರು. "ಮದ್ದು ಸಿಕ್ತು. ಆರಾಮಾದ. ಮನಿಗಿ ಹೋದ. ಆತು, ಏಳ್ರಿ." ಎಲ್ಲರೂ ನಕ್ಕು ಏಳುತ್ತಿದ್ದರು. ಯಾರಿಗೂ ತಕರಾರು ಇರಲಿಲ್ಲ, ನನಗೊಬ್ಬನಿಗೆ ಇತ್ತು.

ಒಂದು ಅಮಾವಾಸ್ಯೆ ಎದ್ದು ನಿಂತೆ. "ಕಾಕಾ, ನಾವು ಅರ್ಧ ಸೀರಿ ನೇದು ಕೊಟ್ರ ಯಾರರ ತಗೋತಾರೇನ್ರಿ? ನಿಮ್ಮದ್ಯಾಕ ಯಾವಾಗ್ಲೂ ಅರ್ಧ ಕೆಲಸ?"

ಎಲ್ಲರೂ ಹೋ ಎಂದರು. ಕಾಕಾ ನನ್ನನ್ನೇ ನೋಡಿದರು. ಟೇಪು ಮತ್ತೆ ಹಚ್ಚಿ, ಹೊರಗೆ ಹೋಗಿ ಬೇವಿನ ಗಿಡದ ಕೆಳಗೆ ನಿಂತರು.

ಪರದೆಯಲ್ಲಿ, ಅವನನ್ನು ಪ್ರೀತಿಸಿದ ಹೆಣ್ಣೇ ಅವನಿಗೆ ಚೂರಿ ಹಾಕಿದಳು. ಸತ್ತ ಮೇಲೆ ಕೂದಲು ಉದುರಿ ಬರೀ ಮನುಷ್ಯನ ಮುಖ ಉಳಿಯಿತು. ಮಾತಾಡಲು ಕಾಕಾ ಇರಲಿಲ್ಲ. ಯಾರೂ ಸೀಟಿ ಹೊಡೆಯಲಿಲ್ಲ. ಹೊರಗೆ ಬಂದಾಗ ಅವರು, "ಸಮಾಧಾನ ಆತೇನ್ ತಮ್ಮಾ?" ಎಂದಷ್ಟೇ ಕೇಳಿದರು. ನಾನು ಗೆದ್ದವನಂತೆ ಮೀಸೆ ತಿರುವಿ ಬಂದೆ.

ಅದಾದ ಎಂಟು ದಿನಕ್ಕೆ ನನ್ನ ಮೀನಖಂಡಕ್ಕೆ ಬೀದಿನಾಯಿ ಬಾಯಿ ಹಾಕಿತು. ಹಿರಿಯರು ಮಾಡುತ್ತಿದ್ದಂತೆ ಗಾಯಕ್ಕೆ ಖಾರಪುಡಿ, ಸುಣ್ಣ ತುಂಬಿ, ಚಿಂದಿ ಸುತ್ತಿ ಮಗ್ಗಕ್ಕೆ ನಿಂತೆ. ದುಡಿಯುವವನಿಗೆ ಇದೆಲ್ಲ ಯಾವ ಲೆಕ್ಕ ಎಂಬ ಸೊಕ್ಕು.

ಮರುದಿನ ಮುಂಜಾನೆ ಸುದ್ದಿ ತಿಳಿದು ಕಾಕಾ ನಮ್ಮ ಮಗ್ಗದ ಶೆಡ್ಡಿಗೆ ಬಂದವರೇ ನಾನು ನೇಯುತ್ತಿದ್ದ ಮಗ್ಗವನ್ನು ನಿಲ್ಲಿಸಿಬಿಟ್ಟರು. ನಮ್ಮಲ್ಲಿ ಇನ್ನೊಬ್ಬರ ಮಗ್ಗಕ್ಕೆ ಕೈ ಹಾಕುವುದು ಕೆನ್ನೆಗೆ ಹೊಡೆದಂತೆ.

"ಕಾಕಾ, ಕೈ ತಗೀರಿ!"

"ಸೀರಿ ಅರ್ಧಕ್ಕ ನಿಂತ್ರೂ ನಡೀತೈತಲೇ ಹುಚ್ಚಾ. ನಡಿ, ಜಮಖಂಡಿ ದವಾಖಾನಿಗಿ."

ನಳದ ಕೆಳಗೆ ಕೂರಿಸಿ, ಸಾಬೂನು ಹಚ್ಚಿ, ಖಾರವೆಲ್ಲ ಹೋಗುವ ತನಕ ನನ್ನ ಕಾಲು ತೊಳೆದರು. ನನಗಿಂತ ಮೂವತ್ತು ವರ್ಷ ದೊಡ್ಡವರು, ನನ್ನ ಕಾಲು ಹಿಡಿದು… ಆಗ ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಹಾಕುತ್ತಿದ್ದರು. ಹದಿನಾಲ್ಕು ದಿನವೂ ವಿಡಿಯೋ ಮುಚ್ಚಿ ನನ್ನ ಜೊತೆ ಜಮಖಂಡಿ ಬಸ್ಸು ಹತ್ತಿದರು.

ಮೂರನೆಯ ದಿನವೋ ನಾಲ್ಕನೆಯ ದಿನವೋ, ಬಸ್ಸಿನ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದರು. "ನನ್ನ ತಮ್ಮಗೂ ಹಿಂಗ ಖಾರ ತುಂಬಿದ್ವಿ. ಸಣ್ಣ ಮರಿ ಕಚ್ಚಿತ್ತು, ಏನಾಕ್ಕೈತಿ ಅಂದ್ವಿ. ಎರಡು ತಿಂಗಳ ಮ್ಯಾಲ ನೀರು ಕಂಡ್ರ ನಡಗಾಕತ್ತಿದ. 'ಅಣ್ಣಾ, ಕಟ್ಟಿಹಾಕೋ, ಯಾರಿಗರ ಕಚ್ಚಿಗಿಚ್ಚೇನಿ' ಅಂದ. ಈ ಕೈಲೇ ಕಟ್ಟಿದೆ." ಆ ಕೈಯನ್ನು ಒಮ್ಮೆ ಹೊರಳಿಸಿ ನೋಡಿ, "ಕೊನೀತನಾ ಅಂವಾ ಯಾರನ್ನೂ ಕಚ್ಚಲಿಲ್ಲ ತಮ್ಮಾ," ಎಂದರು.

ತಪ್ಪಾಯಿತು ಎನ್ನುವುದನ್ನು ನಾನು ಎಂದೂ ಕಲಿತವನಲ್ಲ.

ಮುಂದಿನ ಅಮಾವಾಸ್ಯೆ ಅದೇ ಶೆಡ್ಡು, ಅದೇ ತೋಳ. ಕೊನೆಗೆ ಹತ್ತು ನಿಮಿಷ ಇರುವಾಗ ಕಾಕಾ ಬಟನ್ನಿನ ಮೇಲೆ ಬೆರಳಿಟ್ಟು ನನ್ನ ಕಡೆ ನೋಡಿದರು. ನಾನು ಎದ್ದು ನಿಂತೆ. "ಮದ್ದು ಸಿಕ್ತು," ಎಂದೆ. "ಆರಾಮಾದ. ಮನಿಗಿ ಹೋದ. ಏಳ್ರಿ ಎಲ್ಲಾರೂ."

ಟಿವಿ ಆರಿತು. ಕಾಕಾ ಗೋಡೆಯ ಕಡೆ ಮುಖ ಮಾಡಿಕೊಂಡು ಬಹಳ ಹೊತ್ತು ಕ್ಯಾಸೆಟ್ಟು ಒರೆಸುತ್ತಿದ್ದರು.

ಆಮೇಲೆ ಮನೆಮನೆಗೆ ಕೇಬಲ್ ಬಂತು, ಶೆಡ್ಡು ಮುಚ್ಚಿತು, ಕಾಕಾ ಕ್ಯಾಸೆಟ್ಟುಗಳ ಸಮೇತ ಮಗಳ ಮನೆಗೆ ಹೋದರು. ಬೀಳಗಿಗೆ ಒಂದು ಸಲ ಹೋಗಿ ಬರಬೇಕು ಎನ್ನುತ್ತಲೇ ವರ್ಷಗಳು ಹೋದವು. ಅವರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ದಿನಕರ್ಮ ಮುಗಿದ ಮೇಲೆ.

ಹೊಲದವರು, "ಬೇಕಾದ್ರ ಒಂದು ತುಂಡು ಒಯ್ರಿ," ಎಂದರು. ಬೇಡವೆಂದೆ. ಅದು ನಮ್ಮ ತೋಳದ ಟೇಪೋ ಅಲ್ಲವೋ ಯಾರು ಬಲ್ಲರು. ಗೂಟಕ್ಕೆ ಕಟ್ಟಿದ ಟೇಪು ಒಂದೇ ಸಮನೆ ಗುಂಯ್ ಎನ್ನುತ್ತಿತ್ತು. ಕೊನೆ ಬರುವ ಮೊದಲೇ ಅದನ್ನು ನಿಲ್ಲಿಸುವ ಬೆರಳು ಈಗ ಇಲ್ಲ…