ಗಾಳಿ ನೋಡುವ ಕೆಲಸ

ಹುತ್ತೂರಿನ ಹತ್ತಿರದ ನಮ್ಮ ಹಿಪ್ಪುನೇರಳೆ ತೋಟಕ್ಕೆ ಬೆಳಿಗ್ಗೆ ಸೊಪ್ಪು ಕೊಯ್ಯಲು ಹೋದವಳು ಬೆಚ್ಚಿ ನಿಂತೆ. ನನಗಿಂತ ಮುಂದೆ ಓಡಿದ್ದ ನನ್ನ ಆರು ವರ್ಷದ ಮಗಳು ಚಿನ್ಮಯಿ, ಬದುವಿನ ಮೇಲೆ ಎರಡೂ ಕೈ ಚಾಚಿ ಅಡ್ಡ ನಿಂತಿದ್ದಳು. ಎದುರಿಗೆ ಪಕ್ಕದ ಟೊಮೆಟೊ ತೋಟದ ವೆಂಕಟರಾಯಪ್ಪನವರು. ಅವರ ಬೆನ್ನಿನ ಮೇಲೆ ಔಷಧಿ ಹೊಡೆಯುವ ಕ್ಯಾನ್.

“ತಾತಾ, ಈಗ ಹೊಡೀಬೇಡಿ. ಗಾಳಿ ನಮ್ ಸೊಪ್ಪಿನ ಕಡೆಗೇ ಬೀಸ್ತೈತೆ. ಆ ಸೊಪ್ಪು ತಿಂದ್ರೆ ರೇಷ್ಮೆಹುಳ ಎಲ್ಲಾ ಸತ್ತೋಗ್ತವೆ.”

ಹಿಂದಿನ ಬೆಳೆಯಲ್ಲಿ ಇದೇ ವಿಷಯಕ್ಕೆ ಜಗಳವಾಗಿ ಎರಡೂ ಮನೆಗಳ ನಡುವೆ ಮಾತು ನಿಂತಿತ್ತು. ಈ ಸಲದ ಹುಳುಗಳು ಇನ್ನೇನು ಗೂಡು ಕಟ್ಟುವುದರಲ್ಲಿದ್ದವು.

“ನಿಮ್ಮಪ್ಪ ಹೇಳ್ಕೊಟ್ನೇನಮ್ಮಾ?” ಎಂದರು ಅವರು, ಮುಖ ಬಿಗಿದು.

“ಇಲ್ಲ ತಾತಾ, ಗಾಳಿ ನೋಡೋದು ನನ್ ಕೆಲ್ಸ. ತಿರುಗಿದ ತಕ್ಷಣ ಓಡ್ಬಂದು ನಿಮ್ಗೂ ಹೇಳ್ತೀನಿ.”

“ನಂಗೇನ್ ಕೆಲ್ಸ?” ಎಂದು ದಿನವೂ ಕಾಡುತ್ತಿದ್ದವಳಿಗೆ ನನ್ನ ಗಂಡ ವಹಿಸಿದ್ದ ಕೆಲಸ ಅದು. ಪಕ್ಕದವರಿಗೂ ಅದನ್ನು ಮಾಡಿಕೊಡಬೇಕೆಂದು ಮಾತ್ರ ನಾವ್ಯಾರೂ ಹೇಳಿರಲಿಲ್ಲ. ವೆಂಕಟರಾಯಪ್ಪನವರು ಕ್ಯಾನ್ ಇಳಿಸಿದರು. ಸಂಜೆ ಗಾಳಿ ತಿರುಗಿತು. ಅವಳು ಅವರ ಮನೆಗೆ ಓಡಿದಳು. ಬರುವಾಗ ಲಂಗದ ಮಡಿಲ ತುಂಬ ಟೊಮೆಟೊ ಇತ್ತು.

ಆ ಸಲ ಗೂಡು ಚೆನ್ನಾಗಿ ಬಂತು. ಈಗ ಔಷಧಿ ಹೊಡೆಯುವ ದಿನ ವೆಂಕಟರಾಯಪ್ಪನವರು ನಮ್ಮ ಬಾಗಿಲಿಗೆ ಬಂದು ಚಿನ್ಮಯಿಯನ್ನೇ ಕರೆಯುತ್ತಾರೆ. ಅವಳು ತೋಟಕ್ಕೆ ಹೋಗಿ ನೋಡಿಬರುವಷ್ಟರಲ್ಲಿ ದೊಡ್ಡವರಾದ ನಾವೆಲ್ಲ ಜಗಲಿಯ ಮೇಲೆ ಒಟ್ಟಿಗೆ ಕೂತು ಕಾಫಿ ಕುಡಿಯುತ್ತೇವೆ.