ಡರ್ಬಿಯಲ್ಲಿ ಗೊಂಬೆ ಕೂರಿಸಿದ ದಿನ

ಇಂಗ್ಲೆಂಡಿನಲ್ಲಿ ನಾವಿರುವ ಸಟನ್ ಕೋಲ್ಡ್‌ಫೀಲ್ಡ್‌ನಿಂದ ಡರ್ಬಿಗೆ ಮುಕ್ಕಾಲು ಗಂಟೆಯ ದಾರಿ. ಆ ಭಾನುವಾರ ಅಷ್ಟು ಹೊತ್ತೂ ಕಾರು ಓಡಿಸುತ್ತಿದ್ದ ಮಗಳು ತುಟಿ ಪಿಟಕ್ಕೆನ್ನಲಿಲ್ಲ. ತಪ್ಪು ನನ್ನದೇ. ಜೂನ್‌ನಲ್ಲಿ ಟಿವಿಡೇಲ್ ದೇವಸ್ಥಾನದಲ್ಲಿ ಅವಳ ಮದುವೆ. ಧಾರೆಯನ್ನು ನನ್ನ ಮೈದುನ ಮತ್ತು ಅವನ ಹೆಂಡತಿ ಎರೆಯಲಿ, ನಾನು ಹಿಂದಿನ ಸಾಲಿನಲ್ಲಿ ಕೂರುತ್ತೇನೆ ಎಂದುಬಿಟ್ಟಿದ್ದೆ. ನನ್ನ ಗಂಡ ತೀರಿಕೊಂಡು ಮೂರು ವರ್ಷವಾಗಿತ್ತು. ಗಂಡನಿಲ್ಲದವಳು ಶುಭಕಾರ್ಯಕ್ಕೆ ಮುಂದೆ ಬರಬಾರದೆಂದು ನನಗೆ ಯಾರೂ ಹೇಳಿರಲಿಲ್ಲ. ಯಾರಾದರೂ ಹೇಳಿಯಾರೆಂದು ನಾನೇ ಮೊದಲು ಹಿಂದೆ ಸರಿದಿದ್ದೆ.

“ಯು ಆರ್ ಮೈ ಮದರ್, ನಾಟ್ ಎ ಗೆಸ್ಟ್!” ಎಂದು ಮಗಳು ಒಮ್ಮೆ ಕೂಗಾಡಿ, ಆಮೇಲೆ ಮಾತು ಬಿಟ್ಟಿದ್ದಳು. ಮೂವತ್ತು ವರ್ಷ ಜಿಪಿ ಡಾಕ್ಟರ್ ಆಗಿದ್ದವಳು ನಾನು. ಮಗುವಿಗೆ ದೃಷ್ಟಿ ತಾಗಿದೆ ಎಂದು ಬಂದ ತಾಯಂದಿರನ್ನು ಗದರಿಸಿ, ಕಿವಿಯ ಸೋಂಕಿಗೆ ಔಷಧಿ ಬರೆದುಕೊಟ್ಟಿದ್ದೇನೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಡರ್ಬಿಯಲ್ಲಿ ಇರುವುದು ಮಗಳ ಜೊತೆ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಜಪಾನಿ ಗೆಳತಿ. ಅವಳ ಗಂಡ ವಿಮಾನದ ಎಂಜಿನ್ ಕಾರ್ಖಾನೆಯಲ್ಲಿ ಎಂಜಿನಿಯರ್, ಒಬ್ಬಳೇ ಮಗಳು, ಆರು ವರ್ಷ. ಮಾರ್ಚ್ ಮೂರಕ್ಕೆ ಅವರಲ್ಲಿ ಹೆಣ್ಣುಮಕ್ಕಳ ಗೊಂಬೆ ಹಬ್ಬ. ಎರಡು ವಾರ ಮೊದಲೇ ಗೊಂಬೆ ಕೂರಿಸುತ್ತಾರೆ, ಅದಕ್ಕೇ ನಮ್ಮನ್ನು ಕರೆದಿದ್ದಳು. ಮುಂದಿನ ಕೋಣೆಯಲ್ಲಿ ಕೆಂಪು ಬಟ್ಟೆ ಹೊದಿಸಿದ ಏಳು ಮೆಟ್ಟಿಲು. ಸಖಿಯರು, ವಾದ್ಯದವರು, ಅಂಗೈಯಗಲದ ಪಲ್ಲಕ್ಕಿ. ಮೈಸೂರಿನಲ್ಲಿ ಬೆಳೆದವಳಿಗೆ ಇನ್ನೇನು ಬೇಕು? ಕೋಸಂಬರಿಯ ಬದಲು ಗುಲಾಬಿ ಬಣ್ಣದ ಅಕ್ಕಿಯುಂಡೆ ಕೈಗೆ ಬಂತು, ಅಷ್ಟೇ ವ್ಯತ್ಯಾಸ. ನನ್ನ ಪಟ್ಟದ ಗೊಂಬೆಗಳನ್ನು ಮೂರು ದಸರಾದಿಂದ ಹೊರಗೆ ತೆಗೆದಿರಲಿಲ್ಲ.

ರಾಜ ರಾಣಿ ಗೊಂಬೆಗಳು ಕೂರುವ ಮೇಲಿನ ಮೆಟ್ಟಿಲು ಮಾತ್ರ ಖಾಲಿಯಿತ್ತು. ಗೆಳತಿ ಪೆಟ್ಟಿಗೆಯಿಂದ ರಾಣಿಯನ್ನು ತೆಗೆದು ಎರಡೂ ಕೈಯಲ್ಲಿ ನನ್ನ ಮುಂದೆ ಹಿಡಿದಳು. ಅಂದು ಮನೆಯಲ್ಲಿರುವ ಹಿರಿಯ ಹೆಂಗಸು ರಾಣಿಯನ್ನು ಕೂರಿಸುವುದು ತನ್ನ ತಾಯಿಯ ಮನೆಯ ಪದ್ಧತಿ, ಮನೆಯ ಮಗಳಿಗೆ ಒಳ್ಳೆಯದಾಗಲೆಂದು ಹಾಗೆ ಮಾಡುತ್ತಾರೆ ಎಂದಳು.

ನಾನು ಕೈ ಹಿಂದಕ್ಕೆ ಕಟ್ಟಿಕೊಂಡೆ. “ಬೇಡ, ನಾನು ಮುಟ್ಟಬಾರದು” ಎಂದೆ.

ಗೊಂಬೆ ನನಗೆ ಹಿಡಿಸಲಿಲ್ಲವೆಂದುಕೊಂಡಳೋ ಏನೋ, ಅವಳ ಮುಖ ಸಣ್ಣಗಾಯಿತು. ನನ್ನ ಮಗಳು ಕಿಟಕಿಯ ಕಡೆ ತಿರುಗಿ ನಿಂತಳು. ಆರು ವರ್ಷದವಳು ಮಾತ್ರ ನನ್ನ ಹಿಂದೆ ಬಂದು ನನ್ನ ಕೈಗಳನ್ನು ಬಗ್ಗಿ ನೋಡಿ, ಇಂಗ್ಲಿಷಿನಲ್ಲಿ ಕೇಳಿದಳು: “ಕೈ ಗಲೀಜಾಗಿದೆಯಾ? ತೊಳ್ಕೊಂಡ್ರೆ ಆಯ್ತಲ್ಲ. ಬಾತ್‌ರೂಮ್ ಅಲ್ಲಿದೆ.”

ಹೋದೆ. ಬೇರೇನು ಮಾಡಲೂ ತೋಚಲಿಲ್ಲ. ಬೆರಳ ಸಂದಿ, ಉಗುರು, ಮಣಿಕಟ್ಟು ಎಲ್ಲ ತೊಳೆದೆ, ಕ್ಲಿನಿಕ್ಕಿನಲ್ಲಿ ರೋಗಿಯಿಂದ ರೋಗಿಗೆ ತೊಳೆಯುತ್ತಿದ್ದ ಹಾಗೆ. ಎಷ್ಟು ಕೂಸುಗಳಿಗೆ ಲಸಿಕೆ ಹಾಕಿದ ಕೈ ಇದು! ಇದು ತಾಕಿದರೆ ಆ ಪುಟ್ಟ ಹುಡುಗಿಗೆ ಕೆಟ್ಟದಾದೀತು ಎಂದು ನಾನು ನಿಜವಾಗಿಯೂ ಹೆದರಿದ್ದೆ. ಸ್ವಂತ ಮಗಳ ವಿಷಯದಲ್ಲೂ ಹಾಗೆಯೇ ಹೆದರಿದ್ದೆ. ನಲ್ಲಿಯ ಮುಂದೆ ನಿಂತು ಅತ್ತೆ. ದುಃಖಕ್ಕಿಂತ ನಾಚಿಕೆಯೇ ಹೆಚ್ಚಿತ್ತು.

ಹೊರಗೆ ಬಂದು ಪುಟ್ಟಿಗೆ ಎರಡೂ ಅಂಗೈ ತೋರಿಸಿದೆ. ಅವಳು ಮೂಸಿ ನೋಡಿ ಪಾಸು ಮಾಡಿದಳು. ರಾಣಿಯನ್ನು ಎತ್ತಿ ಮೇಲಿನ ಮೆಟ್ಟಿಲಲ್ಲಿ ಕೂರಿಸಿ ಸೆರಗಿನಂಥ ಅಂಚನ್ನು ಸರಿಮಾಡಿದೆ.

“ಧಾರೆ ನಾನೇ ಎರೀತೀನಿ ಕಣೇ. ನಿಮ್ಮ ಚಿಕ್ಕಪ್ಪಂಗೆ ನಾನೇ ಫೋನ್ ಮಾಡ್ತೀನಿ,” ಎಂದು ಮಗಳಿಗೆ ಹೇಳಿದೆ.

“ಪ್ರಾಮಿಸ್?” ಎಂದಳು. ಕಿಟಕಿಯಿಂದ ಇನ್ನೂ ಈ ಕಡೆ ತಿರುಗಿರಲಿಲ್ಲ.

ನಾನು ಉತ್ತರ ಕೊಡುವಷ್ಟರಲ್ಲಿ ಪುಟ್ಟಿ ರಾಜನನ್ನು ಎಳೆದು ತಂದಳು. ರಾಜನನ್ನು ಕೂರಿಸುವುದು ಅಪ್ಪನ ಕೆಲಸ, ಇವತ್ತು ಕಾರ್ಖಾನೆಯಲ್ಲಿ ಅವರ ಪಾಳಿ, ಬರುವುದು ಸಂಜೆ ಎಂದು ಅವಳ ತಾಯಿ ಹೇಳಿದಳು.

“ಅಲ್ಲೀವರೆಗೂ ರಾಣಿ ಒಬ್ಬಳೇ ಕೂತಿರಬೇಕಾ?” ಎಂದು ಮಗು ಕೇಳಿತು.

“ಕೊಡು ಇಲ್ಲಿ” ಎಂದೆ. ಮಗಳು ತಿರುಗಿ ನೋಡುತ್ತಿದ್ದಂತೆಯೇ ರಾಜನನ್ನೂ ನಾನೇ ಕೂರಿಸಿದೆ.